‘ನೋ ಸಿಗ್ನಲ್’ ಬಂದಾಗ: ಟಿವಿಯ ಸೋರ್ಸ್ ಬದಲಿಸುವ ಪೂರ್ತಿ ವಿಧಾನ, ರಿಮೋಟ್ ಇದ್ದರೂ ಇಲ್ಲದಿದ್ದರೂ

ಆಷಾಢದ ಮಳೆ ಹಿಡಿಯಿತೆಂದರೆ ಭಟ್ಕಳದಿಂದ ಕಾರವಾರದವರೆಗೆ ಡಿಶ್ ಇರುವ ಮನೆಗಳಲ್ಲೆಲ್ಲ ಒಂದೇ ರಗಳೆ. ದಪ್ಪ ಹನಿ ಶುರುವಾದೊಡನೆ ಚಿತ್ರ ಚೌಕ ಚೌಕವಾಗಿ ಒಡೆದು ನಿಲ್ಲುತ್ತದೆ. ಯಾರೋ ರಿಮೋಟ್ ಎತ್ತಿಕೊಂಡು ಕೈಗೆ ಸಿಕ್ಕ ಬಟನ್ನುಗಳನ್ನೆಲ್ಲ ಒತ್ತುತ್ತಾರೆ. ಸ್ವಲ್ಪ ಹೊತ್ತಿಗೆ ಮಳೆ ಹೊಳವಾಗುತ್ತದೆ, ಡಿಶ್‌ಗೆ ಸಿಗ್ನಲ್ ವಾಪಸ್ ಬರುತ್ತದೆ, ಟಿವಿಯಲ್ಲಿ ಮಾತ್ರ ‘ನೋ ಸಿಗ್ನಲ್’ ಹೋಗುವುದೇ ಇಲ್ಲ. ಆಮೇಲೆ ಬೆಂಗಳೂರಿನಲ್ಲಿರುವ ಮಗನಿಗೆ ಫೋನು: ‘ಟಿವಿ ಬತ್ತಾ ಇಲ್ಲೆ ತಮಾ.’

ಇಲ್ಲಿ ಮಳೆಯಿಂದ ಆದ ತೊಂದರೆ ಯಾವಾಗಲೋ ಮುಗಿದಿದೆ. ಉಳಿದದ್ದು ಸೋರ್ಸ್ ಎಡವಟ್ಟು. ಸೋರ್ಸ್ ಎಂದರೆ ಟಿವಿ ತನ್ನ ಹಿಂದಿನ ಯಾವ ಪೋರ್ಟಿನಿಂದ (ವಯರು ಚುಚ್ಚುವ ರಂಧ್ರದಿಂದ) ಚಿತ್ರ ಪಡೆಯಬೇಕು ಎಂಬ ಆಯ್ಕೆ. ಡಿಶ್ಶಿನ ಸೆಟ್‌ಟಾಪ್ ಬಾಕ್ಸ್ ಇರುವುದು ಎಚ್‌ಡಿಎಂಐ 1ರಲ್ಲಿ, ಟಿವಿ ನೋಡುತ್ತಿರುವುದು ಎಚ್‌ಡಿಎಂಐ 2 ಅಥವಾ ಎವಿಯನ್ನು. ಇದನ್ನು ಸರಿಮಾಡಲು ಮೆಕ್ಯಾನಿಕ್ ಬೇಡ. ಆದರೆ ಬಟನ್ ಒತ್ತುವ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಬೇಕು.

ಪರದೆಯ ಮೇಲಿನ ಮಾತು ಯಾರದ್ದು?

ಪರದೆಯಲ್ಲಿ ಕಾಣುವ ಸಂದೇಶವನ್ನು ಟಿವಿ ಹಾಕಿರಬಹುದು, ಸೆಟ್‌ಟಾಪ್ ಬಾಕ್ಸ್ ಹಾಕಿರಬಹುದು. ಎರಡಕ್ಕೂ ಮದ್ದು ಬೇರೆ ಬೇರೆ.

ಟಿವಿಯ ಸಂದೇಶ ಚಿಕ್ಕದು. ಕಪ್ಪು ಅಥವಾ ನೀಲಿ ಪರದೆಯ ಮೇಲೆ ‘ನೋ ಸಿಗ್ನಲ್’, ಜೊತೆಗೆ ಮೂಲೆಯಲ್ಲಿ ‘ಎಚ್‌ಡಿಎಂಐ 2’, ‘ಎವಿ’, ‘ಟಿವಿ’ ಎಂಬ ಹೆಸರು. ಎಷ್ಟೋ ಟಿವಿಗಳಲ್ಲಿ ಈ ಅಕ್ಷರ ಪರದೆಯ ಮೇಲೆ ಅಲ್ಲಿಂದಿಲ್ಲಿಗೆ ತೇಲುತ್ತಿರುತ್ತದೆ. ಬಾಕ್ಸ್‌ನ ಸಂದೇಶದಲ್ಲಿ ಡಿಟಿಎಚ್ ಕಂಪನಿಯ ಹೆಸರೋ ಚಿಹ್ನೆಯೋ ಇರುತ್ತದೆ, ಎರರ್ ಸಂಖ್ಯೆ ಇರುತ್ತದೆ, ಚಾನೆಲ್ ನಂಬರ್ ಇರುತ್ತದೆ, ಗ್ರಾಹಕ ಸೇವೆಯ ಫೋನ್ ನಂಬರೂ ಇರಬಹುದು.

ನೋಡಿ ಗೊತ್ತಾಗದಿದ್ದರೆ ಸುಲಭದ ಪರೀಕ್ಷೆಯೊಂದಿದೆ. ಬಾಕ್ಸ್‌ನ ರಿಮೋಟ್ ಹಿಡಿದು ‘ಮೆನು’ ಅಥವಾ ‘ಗೈಡ್’ ಒತ್ತಿ. ಮೆನು ಪರದೆಯ ಮೇಲೆ ಬಂತೆಂದರೆ ಸೋರ್ಸ್ ಸರಿಯಾಗಿಯೇ ಇದೆ, ತೊಂದರೆ ಡಿಶ್ಶಿನ ಕಡೆಯದು. ಟಿವಿಯ ರಿಮೋಟನ್ನು ಕೆಳಗಿಟ್ಟುಬಿಡಿ. ಡಿಟಿಎಚ್ ಸಿಗ್ನಲ್ ಬರುವ ಕೆಯು ಬ್ಯಾಂಡ್ ತರಂಗಗಳನ್ನು ಜೋರು ಮಳೆ ಹೀರಿ ಚದುರಿಸುತ್ತದೆ. ಮಳೆ ಇಳಿಯುವವರೆಗೆ ಯಾವ ಬಟನ್ ಒತ್ತಿಯೂ ಪ್ರಯೋಜನವಿಲ್ಲ. ಡಿಡಿ ಫ್ರೀ ಡಿಶ್ ಬಾಕ್ಸ್ ಇರುವವರು ಈ ಹೊತ್ತಿನಲ್ಲಿ ಚಾನೆಲ್ ಸ್ಕ್ಯಾನ್ ಮಾಡುವುದಂತೂ ಬೇಡವೇ ಬೇಡ. ಸಿಗ್ನಲ್ ಇಲ್ಲದಾಗ ಸ್ಕ್ಯಾನ್ ಮಾಡಿದರೆ ಇದ್ದ ಚಾನೆಲ್ ಪಟ್ಟಿಯೂ ಅಳಿಸಿ ಹೋಗಬಹುದು. ಮಳೆಯಿಲ್ಲದೆ ಬರೀ ಗಾಳಿ ಬೀಸಿದಾಗ ಚಿತ್ರ ಹೋಗುತ್ತಿದ್ದರೆ ಡಿಶ್ಶಿನ ಎದುರಿಗೆ ತೆಂಗಿನ ಗರಿಯೋ ಅಡಿಕೆ ಸೋಗೆಯೋ ಬೆಳೆದು ಅಡ್ಡ ಬಂದಿರುತ್ತದೆ. ಶಿರಸಿ, ಸಿದ್ದಾಪುರದ ತೋಟದ ಮನೆಗಳಲ್ಲಿ ಇದು ಮಾಮೂಲು.

ಮೆನು ಬರಲಿಲ್ಲ ಎಂದಾದರೆ ಬಾಕ್ಸ್‌ನ ಲೈಟ್ ನೋಡಿ. ಲೈಟೇ ಇಲ್ಲದಿದ್ದರೆ ಕರೆಂಟ್ ಅಥವಾ ಅಡಾಪ್ಟರ್ ಸಮಸ್ಯೆ. ಇನ್ವರ್ಟರ್ ಇರುವ ಮನೆಗಳಲ್ಲಿ ಟಿವಿಯ ಪ್ಲಗ್ ಇನ್ವರ್ಟರ್ ಲೈನಿನಲ್ಲಿದ್ದು ಬಾಕ್ಸ್‌ನದು ಹೊರಗುಳಿದಿರುವುದುಂಟು. ಕರೆಂಟ್ ಹೋದಾಗ ಟಿವಿ ಮಾತ್ರ ಉರಿಯುತ್ತಿರುತ್ತದೆ. ಲೈಟ್ ಕೆಂಪಾಗಿದ್ದರೆ ಸಾಮಾನ್ಯವಾಗಿ ಬಾಕ್ಸ್ ಸ್ಟ್ಯಾಂಡ್‌ಬೈನಲ್ಲಿದೆ ಎಂದರ್ಥ, ಅದರ ರಿಮೋಟಿನ ಪವರ್ ಒತ್ತಿ. ಹೆಸ್ಕಾಂ ಕರೆಂಟ್ ಈಗಷ್ಟೇ ಬಂದಿದ್ದರೆ ಎರಡು ಮೂರು ನಿಮಿಷ ಕಾಯಿರಿ, ಬಾಕ್ಸ್ ಪೂರ್ತಿ ಏಳಲು ಅಷ್ಟು ಹೊತ್ತು ಬೇಕು. ಇಷ್ಟೆಲ್ಲ ಸರಿಯಿದ್ದೂ ಟಿವಿ ‘ನೋ ಸಿಗ್ನಲ್’ ಎನ್ನುತ್ತಿದ್ದರೆ ಸೋರ್ಸ್ ಬದಲಿಸುವ ಕೆಲಸಕ್ಕೆ ಕೈ ಹಾಕಬಹುದು.

ಹಿಂದೆ ಏನು ಎಲ್ಲಿದೆ

ಯಾವ ಸಾಧನ ಯಾವ ಪೋರ್ಟಿನಲ್ಲಿದೆ ಎಂದು ಒಮ್ಮೆ ನೋಡಿಟ್ಟುಕೊಳ್ಳಬೇಕು. ಗೋಡೆಗೆ ಹಾಕಿದ ಟಿವಿಯ ಹಿಂದೆ ಬಗ್ಗಿ ನೋಡುವ ಬದಲು ಮೊಬೈಲಿನ ಫ್ಲಾಶ್ ಹಾಕಿ, ಕೈ ಹಿಂದಕ್ಕೆ ಚಾಚಿ ಫೋಟೋ ತೆಗೆಯಿರಿ. ಆ ಫೋಟೋವನ್ನು ಮನೆಯ ವಾಟ್ಸಾಪ್ ಗುಂಪಿಗೆ ಹಾಕಿಟ್ಟರೆ ದೂರದಲ್ಲಿರುವವರು ಫೋನಿನಲ್ಲೇ ದಾರಿ ಹೇಳಬಹುದು.

ಎಚ್‌ಡಿಎಂಐ ಎಂಬುದು ಚಪ್ಪಟೆ ಬಾಯಿಯ 19 ಪಿನ್ನಿನ ಪೋರ್ಟ್. ಚಿತ್ರ, ಧ್ವನಿ ಎರಡೂ ಒಂದೇ ವಯರಿನಲ್ಲಿ ಬರುತ್ತವೆ. ಎರಡೋ ಮೂರೋ ಇರುತ್ತವೆ, ಪಕ್ಕದಲ್ಲಿ ಸಂಖ್ಯೆ ಬರೆದಿರುತ್ತದೆ. ಅವುಗಳಲ್ಲಿ ಒಂದರ ಪಕ್ಕ ‘ಎಆರ್‌ಸಿ’ ಎಂದಿದ್ದರೆ ಅದು ಸೌಂಡ್‌ಬಾರ್‌ಗೆ. ಸೌಂಡ್‌ಬಾರ್ ಇರುವವರು ಅದನ್ನು ಸೌಂಡ್‌ಬಾರ್‌ಗೇ ಬಿಟ್ಟು ಬಾಕ್ಸನ್ನು ಬೇರೆ ಪೋರ್ಟಿಗೆ ಹಾಕಬೇಕು.

ಹಳೆಯ ಬಾಕ್ಸ್‌ಗಳದ್ದು ಮೂರು ಬಣ್ಣದ ಎವಿ ವಯರು. ಹಳದಿ ಚಿತ್ರಕ್ಕೆ, ಬಿಳಿ ಎಡದ ಧ್ವನಿಗೆ, ಕೆಂಪು ಬಲದ ಧ್ವನಿಗೆ. ಇಲ್ಲಿ ಜನ ಸಿಕ್ಕಿಹಾಕಿಕೊಳ್ಳುವುದು ಎರಡು ಕಡೆ. ಕೆಲವು ಟಿವಿಗಳಲ್ಲಿ ಹಳದಿ ರಂಧ್ರವೇ ಇರುವುದಿಲ್ಲ. ‘ಕಾಂಪೊನೆಂಟ್’ ಎಂಬ ಹಸಿರು, ನೀಲಿ, ಕೆಂಪು ರಂಧ್ರಗಳ ಸಾಲಿನ ಹಸಿರು ರಂಧ್ರವೇ ಎವಿಗೂ ಆಗುತ್ತದೆ, ಅದರ ಸುತ್ತ ಅರ್ಧ ಹಳದಿ ಬಣ್ಣ ಅಥವಾ ‘ವಿಡಿಯೊ’ ಎಂಬ ಬರಹ ಇರುತ್ತದೆ. ಹಳದಿ ಪಿನ್ನನ್ನು ಅಲ್ಲಿಗೆ ಹಾಕಿ, ಸೋರ್ಸ್ ಪಟ್ಟಿಯಲ್ಲಿ ‘ಎವಿ’ಯನ್ನೇ ಆರಿಸಬೇಕು. ‘ಕಾಂಪೊನೆಂಟ್’ ಆರಿಸಿದರೆ ಚಿತ್ರ ಕಪ್ಪು ಬಿಳುಪಾಗಿ ಬರುತ್ತದೆ ಅಥವಾ ಬರುವುದೇ ಇಲ್ಲ. ಬಣ್ಣ ಹೋಯಿತೆಂದು ಟಿವಿಯನ್ನು ಅಂಗಡಿಗೆ ಒಯ್ಯುವ ಮೊದಲು ಇದನ್ನು ನೋಡಿ. ಎರಡನೆಯದು, ತೆಳು ಟಿವಿಗಳಲ್ಲಿ ಮೂರು ಬಣ್ಣದ ಬದಲು ಹೆಡ್‌ಫೋನ್ ಪಿನ್ನಿನಂಥ ಒಂದೇ ರಂಧ್ರ ಇರುತ್ತದೆ. ಅದಕ್ಕೆ ಟಿವಿಯ ಜೊತೆ ಬಂದ ಗಿಡ್ಡ ವಯರನ್ನೇ ಬಳಸಬೇಕು. ಪೇಟೆಯಲ್ಲಿ ಸಿಗುವ ಬೇರೆ ವಯರು ನೋಡಲು ಹಾಗೇ ಇದ್ದರೂ ಒಳಗಿನ ಪಿನ್ನುಗಳ ಕ್ರಮ ಬೇರೆಯಾಗಿದ್ದರೆ ಚಿತ್ರ ಬಾರದೆ ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದಷ್ಟೇ ಬರುತ್ತದೆ.

ಪಟ್ಟಿಯಲ್ಲಿ ಇನ್ನೊಂದು ಹೆಸರಿರುತ್ತದೆ: ‘ಟಿವಿ’, ‘ಎಟಿವಿ’, ‘ಡಿಟಿವಿ’ ಅಥವಾ ‘ಆಂಟೆನಾ’. ಇದು ಆಂಟೆನಾ ವಯರನ್ನು ನೇರ ಟಿವಿಗೇ ಚುಚ್ಚುವವರಿಗೆ. ಬಾಕ್ಸ್ ಇರುವ ಮನೆಗೆ ಇದರ ಕೆಲಸವಿಲ್ಲ. ತಪ್ಪಿ ಅಲ್ಲಿಗೆ ಹೋದರೆ ಟಿವಿ ‘ಚಾನೆಲ್ ಹುಡುಕಲೇ’ ಎಂದು ಕೇಳುತ್ತದೆ. ಹ್ಞೂಂ ಎಂದರೆ ಅದು ಹುಡುಕುತ್ತ ಕೂರುತ್ತದೆ, ಸಿಗುವುದು ಏನೂ ಇಲ್ಲ.

ರಿಮೋಟ್ ಇದ್ದಾಗ

ಟಿವಿಯ ರಿಮೋಟೇ ಬೇಕು. ಬಾಕ್ಸ್‌ನ ರಿಮೋಟಿನಿಂದ ಸಾಮಾನ್ಯವಾಗಿ ಸೋರ್ಸ್ ಬದಲಾಗದು.

1. ‘ಸೋರ್ಸ್’ ಅಥವಾ ‘ಇನ್‌ಪುಟ್’ ಎಂದು ಬರೆದ ಬಟನ್, ಇಲ್ಲವೇ ಚೌಕದೊಳಗೆ ಬಾಣ ನುಗ್ಗುತ್ತಿರುವ ಚಿತ್ರದ ಬಟನ್ ಹುಡುಕಿ. ಹಳೆಯ ರಿಮೋಟ್‌ಗಳಲ್ಲಿ ಇದು ‘ಟಿವಿ/ಎವಿ’.
2. ಒಮ್ಮೆ ಒತ್ತಿ. ಪಟ್ಟಿ ಬರುತ್ತದೆ.
3. ಮೇಲೆ ಕೆಳಗೆ ಬಾಣದಿಂದ ಬೇಕಾದ ಹೆಸರಿಗೆ ಹೋಗಿ ‘ಓಕೆ’ ಒತ್ತಿ.
4. ಐದು ಸೆಕೆಂಡ್ ಸುಮ್ಮನಿರಿ.

ನಾಲ್ಕನೆಯದನ್ನೇ ಹೆಚ್ಚಿನವರು ಬಿಡುವುದು. ಎಚ್‌ಡಿಎಂಐ ಪೋರ್ಟಿಗೆ ಹೋದ ಮೇಲೆ ಟಿವಿಯೂ ಬಾಕ್ಸೂ ಪರಸ್ಪರ ಗುರುತು ಹಿಡಿದು, ಯಾವ ಗಾತ್ರದ ಚಿತ್ರ ಎಂದು ಗೊತ್ತುಮಾಡಿಕೊಂಡ ಮೇಲಷ್ಟೇ ಚಿತ್ರ ಬರುವುದು. ಅದಕ್ಕೆ ಎರಡರಿಂದ ಐದು ಸೆಕೆಂಡ್ ಬೇಕು. ಪಟಪಟ ಒತ್ತುತ್ತ ಹೋದರೆ ಸರಿಯಾದ ಪೋರ್ಟನ್ನು ಚಿತ್ರ ಬರುವ ಮೊದಲೇ ದಾಟಿಹೋಗುತ್ತೀರಿ, ಮತ್ತೆ ಒಂದು ಸುತ್ತು. ಇನ್ನು ಕೆಲವು ಟಿವಿಗಳಲ್ಲಿ ‘ಓಕೆ’ ಬೇಡ, ಹೆಸರಿನ ಮೇಲೆ ಎರಡು ಮೂರು ಸೆಕೆಂಡ್ ನಿಂತರೆ ತಾನೇ ಬದಲಾಗುತ್ತದೆ.

ಪಟ್ಟಿಯಲ್ಲಿ ಒಂದು ಹೆಸರು ಮಸುಕಾಗಿ ಕಂಡರೆ ಆ ಪೋರ್ಟಿನಲ್ಲಿ ಜೀವಂತ ಸಾಧನ ಇಲ್ಲ ಎಂದು ಟಿವಿ ಹೇಳುತ್ತಿದೆ. ಬಾಕ್ಸ್ ಅಲ್ಲೇ ಇದೆ ಎಂದು ನಿಮಗೆ ಗೊತ್ತಿದ್ದರೆ ವಯರು ಸಡಿಲಾಗಿರಬೇಕು ಅಥವಾ ಬಾಕ್ಸ್ ಆಫ್ ಆಗಿರಬೇಕು.

ಈಚಿನ ಗಿಡ್ಡ ರಿಮೋಟ್‌ಗಳಲ್ಲಿ ಸೋರ್ಸ್ ಬಟನ್ನನ್ನೇ ತೆಗೆದುಹಾಕಿದ್ದಾರೆ. ಸಿನಿಮಾ ಆ್ಯಪ್‌ಗಳಿಗೆ ಮೂರು ನಾಲ್ಕು ಬಟನ್ ಕೊಡಲು ಜಾಗ ಇರುತ್ತದೆ, ದಿನಾ ಬೇಕಾದ ಇದೊಂದಕ್ಕೆ ಇಲ್ಲ. ಹೀಗಿದ್ದರೆ ಹೋಮ್ ಮೂಲಕ ಹೋಗಬೇಕು. ಸ್ಯಾಮ್‌ಸಂಗ್‌ನಲ್ಲಿ ಹೋಮ್ ಒತ್ತಿ ಎಡ ತುದಿಗೆ ಹೋದರೆ ‘ಸೋರ್ಸ್’ ಅಥವಾ, ಹೊಸತರಲ್ಲಿ, ‘ಕನೆಕ್ಟೆಡ್ ಡಿವೈಸಸ್’ ಸಿಗುತ್ತದೆ. ಎಲ್‌ಜಿಯಲ್ಲಿ ಹೋಮ್ ಪುಟದ ‘ಹೋಮ್ ಡ್ಯಾಶ್‌ಬೋರ್ಡ್’ ಅಥವಾ ‘ಹೋಮ್ ಹಬ್’ ಒಳಗಿದೆ. ಆಂಡ್ರಾಯ್ಡ್ ಟಿವಿಗಳಲ್ಲಿ ಹೋಮ್ ಪುಟದ ಮೇಲ್ಗಡೆ ‘ಇನ್‌ಪುಟ್ಸ್’ ಚಿಹ್ನೆ ಇರುತ್ತದೆ. ಮೈಕ್ ಇರುವ ರಿಮೋಟ್ ಆದರೆ ಮೈಕ್ ಬಟನ್ ಒತ್ತಿ ಹಿಡಿದು ‘ಸ್ವಿಚ್ ಟು ಎಚ್‌ಡಿಎಂಐ ಒನ್’ ಎಂದು ಇಂಗ್ಲಿಷಿನಲ್ಲೇ ಹೇಳಿ ನೋಡಿ. ಇದಕ್ಕೆ ಇಂಟರ್ನೆಟ್ ಬೇಕು. ಮಳೆಗಾಲದಲ್ಲಿ ಊರಿನ ಲೈನ್ ಹೋಗಿದ್ದರೆ ಕೆಲಸ ಮಾಡುವುದಿಲ್ಲ.

ಸರಿಯಾದ ಸೋರ್ಸ್ ಸಿಕ್ಕ ಮೇಲೆ ಅದಕ್ಕೆ ಹೆಸರಿಡಿ. ಪಟ್ಟಿಯಲ್ಲಿ ಆ ಪೋರ್ಟಿನ ಮೇಲೆ ನಿಂತಾಗ ‘ಎಡಿಟ್’ ಅಥವಾ ‘ರೀನೇಮ್’ ಆಯ್ಕೆ ಹೆಚ್ಚಿನ ಟಿವಿಗಳಲ್ಲಿದೆ. ‘ಎಚ್‌ಡಿಎಂಐ 1’ ಎನ್ನುವಲ್ಲಿ ‘ಡಿಶ್’ ಎಂದಿದ್ದರೆ ಮನೆಯ ಹಿರಿಯರು ತಾವೇ ಆರಿಸಿಕೊಳ್ಳುತ್ತಾರೆ. ಒಂದು ಎಚ್ಚರ: ಕೆಲವು ಟಿವಿಗಳಲ್ಲಿ ಪೋರ್ಟಿಗೆ ‘ಪಿಸಿ’ ಎಂದು ಹೆಸರಿಟ್ಟರೆ ಚಿತ್ರದ ಬಣ್ಣ, ಹೊಳಪಿನ ಸೆಟ್ಟಿಂಗೂ ಬದಲಾಗುತ್ತದೆ. ಬಾಕ್ಸ್ ಇರುವ ಪೋರ್ಟಿಗೆ ಆ ಹೆಸರು ಬೇಡ.

ರಿಮೋಟ್ ಇಲ್ಲದಾಗ

ಎಲ್ಲಕ್ಕಿಂತ ಸುಲಭದ ದಾರಿ ಬಹಳ ಜನಕ್ಕೆ ಹೊಳೆಯುವುದೇ ಇಲ್ಲ. ಟಿವಿಯನ್ನು ಬಾಕ್ಸ್ ಇರುವ ಪೋರ್ಟಿಗೆ ತರಲು ಆಗುತ್ತಿಲ್ಲ ಅಂದರೆ ಬಾಕ್ಸನ್ನೇ ಟಿವಿ ನಿಂತಿರುವ ಪೋರ್ಟಿಗೆ ಒಯ್ಯಿರಿ. ಪರದೆಯಲ್ಲಿ ‘ಎಚ್‌ಡಿಎಂಐ 2’ ಎಂದು ಬರುತ್ತಿದೆಯೆ? ಟಿವಿ, ಬಾಕ್ಸ್ ಎರಡರ ಪ್ಲಗ್ ತೆಗೆದು, ಎಚ್‌ಡಿಎಂಐ ವಯರನ್ನು 1ರಿಂದ ಕಿತ್ತು 2ಕ್ಕೆ ಹಾಕಿ, ಮತ್ತೆ ಕರೆಂಟ್ ಕೊಡಿ. ಮುಗಿಯಿತು.

ಅದಾಗದಿದ್ದರೆ ಟಿವಿಯ ಮೈಮೇಲಿನ ಬಟನ್ ಹುಡುಕಬೇಕು. ರಿಮೋಟಿನ ಮೇಲೆ ಎಷ್ಟೇ ಅವಲಂಬಿತವಾದರೂ ಟಿವಿಗಳಲ್ಲಿ ಒಂದಾದರೂ ಬಟನ್ ಎಲ್ಲೋ ಅಡಗಿರುತ್ತದೆ. ಮೊದಲು ಕೆಳ ಅಂಚಿನ ನಡುಮಧ್ಯೆ, ಕಂಪನಿಯ ಹೆಸರಿನ ಸರಿ ಕೆಳಗೆ ಬೆರಳಾಡಿಸಿ. ಅಲ್ಲಿಲ್ಲವಾದರೆ ಎದುರು ನಿಂತಾಗ ಬಲಗಡೆ ಬರುವ ಹಿಂಬದಿಯ ಕೆಳ ಮೂಲೆ, ಆಮೇಲೆ ಎಡ ಮೂಲೆ, ಕೊನೆಗೆ ಬದಿಯ ಅಂಚು. ಗೋಡೆಗೆ ಒತ್ತಿ ಕೂತ ಟಿವಿಯನ್ನು ಒಂದು ಕಡೆಯಿಂದ ಎಳೆಯಬೇಡಿ. ಬ್ರಾಕೆಟ್ಟಿನ ಸ್ಕ್ರೂ ಸಡಿಲವಿದ್ದರೆ ಕೈಗೇ ಬರುತ್ತದೆ. 43 ಇಂಚಿಗಿಂತ ದೊಡ್ಡದನ್ನು ಇಳಿಸಲೇಬೇಕಾದರೆ ಇಬ್ಬರು ಬೇಕು.

ಸಿಗುವ ಬಟನ್ ಮೂರು ಬಗೆಯದು.

ಹಳೆಯ ಎಲ್‌ಸಿಡಿ, ಎಲ್‌ಇಡಿಗಳಲ್ಲಿ ಬದಿಯಲ್ಲಿ ಆರೇಳು ಬಟನ್ನುಗಳ ಸಾಲಿರುತ್ತದೆ: ಪವರ್, ಸೋರ್ಸ್, ಮೆನು, ಚಾನೆಲ್ ಎರಡು, ವಾಲ್ಯೂಮ್ ಎರಡು. ಸೋರ್ಸ್ ಒತ್ತಿದರೆ ಪಟ್ಟಿ ಬರುತ್ತದೆ, ಚಾನೆಲ್ ಬಟನ್ನಿನಿಂದ ಮೇಲೆ ಕೆಳಗೆ ಹೋಗಬೇಕು, ವಾಲ್ಯೂಮ್ ಹೆಚ್ಚಿಸುವ ಬಟನ್ನೇ ‘ಓಕೆ’. ಈ ಕೊನೆಯದು ಗೊತ್ತಿಲ್ಲದೆ ಪಟ್ಟಿ ನೋಡುತ್ತ ನಿಲ್ಲುವವರು ಬಹಳ. ಕೆಲವದರಲ್ಲಿ ಸೋರ್ಸ್ ಬಟನ್ನನ್ನೇ ಮತ್ತೆ ಮತ್ತೆ ಒತ್ತಿ ಮುಂದೆ ಹೋಗಬೇಕು.

ಎರಡನೆಯದು ಜಾಯ್‌ಸ್ಟಿಕ್. ಬೆರಳ ತುದಿಗೆ ಸಣ್ಣ ಮೊಳಕೆಯಂತೆ ಸಿಗುತ್ತದೆ, ನಾಲ್ಕು ಕಡೆಗೂ ವಾಲುತ್ತದೆ, ಒಳಗೂ ಒತ್ತಬಹುದು. ಎಲ್‌ಜಿ ಮತ್ತು ಕೆಲವು ವರ್ಷ ಹಿಂದಿನ ಸ್ಯಾಮ್‌ಸಂಗ್‌ಗಳಲ್ಲಿ ಇದು ಸಾಮಾನ್ಯ. ಟಿವಿ ಆನ್ ಇದ್ದಾಗ ಒಮ್ಮೆ ಒಳಗೆ ಒತ್ತಿದರೆ ನಾಲ್ಕು ಚಿಹ್ನೆಗಳ ಚಿಕ್ಕ ಮೆನು ಬರುತ್ತದೆ. ಇನ್‌ಪುಟ್ ಚಿಹ್ನೆ ಇರುವ ಕಡೆಗೆ ವಾಲಿಸಿ, ಒತ್ತಿ. ಮೆನು ತೆರೆಯದೆ ಬರೀ ವಾಲಿಸಿದರೆ ವಾಲ್ಯೂಮೋ ಚಾನೆಲ್ಲೋ ಬದಲಾಗುತ್ತದಷ್ಟೆ. ಒತ್ತಿ ಹಿಡಿದರೆ ಟಿವಿ ಆಫ್ ಆಗುತ್ತದೆ.

ಮೂರನೆಯದೇ ಈಗ ಹೆಚ್ಚು: ಒಂದೇ ಒಂದು ಬಟನ್. ಇದರಲ್ಲಿ ಎಲ್ಲ ಕೆಲಸವೂ ಒತ್ತುವ ಅವಧಿಯ ಮೇಲೆ ನಡೆಯುತ್ತದೆ. ಟಿವಿ ಆನ್ ಇದ್ದಾಗ ಚಿಕ್ಕದಾಗಿ ಒಮ್ಮೆ ಒತ್ತಿ, ಕೆಳಗೆ ಚಿಹ್ನೆಗಳ ಸಾಲು ಬರುತ್ತದೆ. ಪ್ರತಿ ಚಿಕ್ಕ ಒತ್ತಿಗೆ ಒಂದೊಂದು ಚಿಹ್ನೆ ಮುಂದೆ ಹೋಗುತ್ತದೆ. ಸೋರ್ಸ್ ಚಿಹ್ನೆಗೆ ಬಂದಾಗ ಒಂದೆರಡು ಸೆಕೆಂಡ್ ಒತ್ತಿ ಹಿಡಿದು ಬಿಡಿ, ಸೋರ್ಸ್‌ಗಳ ಪಟ್ಟಿ ತೆರೆಯುತ್ತದೆ. ಅದರಲ್ಲೂ ಹಾಗೆಯೇ, ಚಿಕ್ಕ ಒತ್ತು ಮುಂದಕ್ಕೆ, ದೀರ್ಘ ಒತ್ತು ಆಯ್ಕೆಗೆ. ಹಿಂದಕ್ಕೆ ಹೋಗುವ ದಾರಿ ಇಲ್ಲ, ಬೇಕಾದದ್ದು ದಾಟಿಹೋದರೆ ಪೂರ್ತಿ ಸುತ್ತಿಕೊಂಡು ಬರಬೇಕು. ನಡುವೆ ನಾಲ್ಕೈದು ಸೆಕೆಂಡ್ ತಡ ಮಾಡಿದರೆ ಮೆನು ಮಾಯವಾಗುತ್ತದೆ, ಅಗತ್ಯಕ್ಕಿಂತ ಹೆಚ್ಚು ಹಿಡಿದರೆ ಕೆಲವು ಟಿವಿಗಳು ಆಫ್ ಆಗುತ್ತವೆ ಅಥವಾ ರೀಸ್ಟಾರ್ಟ್ ಆಗುತ್ತವೆ. ಒಬ್ಬರು ಹಿಂದೆ ಕೈ ಹಾಕಿ ಒತ್ತುತ್ತ, ಇನ್ನೊಬ್ಬರು ಎದುರು ನಿಂತು ‘ಇನ್ನೊಂದ್ಸಲ, ಇನ್ನೊಂದ್ಸಲ, ಹಾಂ ಈಗ ಹಿಡಿ’ ಎಂದು ಹೇಳಿದರೆ ಸಲೀಸು. ಬಟನ್ ಒತ್ತಿದರೆ ಪರದೆಯಲ್ಲಿ ಬೀಗದ ಚಿತ್ರ ಬಂದರೆ ಟಿವಿಯ ಬಟನ್ನುಗಳಿಗೆ ಮಕ್ಕಳ ಲಾಕ್ ಹಾಕಿದೆ. ಅದನ್ನು ರಿಮೋಟ್ ಅಥವಾ ಫೋನಿನ ಆ್ಯಪ್ ಮೂಲಕವೇ ತೆಗೆಯಬೇಕು.

ಫೋನನ್ನೇ ರಿಮೋಟ್ ಮಾಡಿಕೊಳ್ಳಲು ಎರಡು ಬೇರೆ ಬೇರೆ ದಾರಿಗಳಿವೆ, ಅವನ್ನು ಕಲಸಿಕೊಳ್ಳಬಾರದು. ಶಿಯೋಮಿ, ರೆಡ್ಮಿ, ಪೊಕೊ ಫೋನುಗಳಲ್ಲಿ ಕೆಲವಕ್ಕೆ ಮೇಲಿನ ಅಂಚಿನಲ್ಲಿ ಸಣ್ಣ ಕಪ್ಪು ಚುಕ್ಕೆ ಇರುತ್ತದೆ. ಅದು ಇನ್‌ಫ್ರಾರೆಡ್ ಬಲ್ಬು. ಅಂಥ ಫೋನಿನಲ್ಲಿ ಮಿ ರಿಮೋಟ್ ಆ್ಯಪ್ ತೆರೆದು ಟಿವಿಯ ಕಂಪನಿ ಆರಿಸಿದರೆ ಮಾಮೂಲಿ ರಿಮೋಟಿನಂತೆಯೇ ಕೆಲಸ ಮಾಡುತ್ತದೆ. ವೈಫೈ ಬೇಡ, ಟಿವಿ ಹಳೆಯದಾದರೂ ಆದೀತು. ಎರಡನೆಯ ದಾರಿ ವೈಫೈನದು: ಸ್ಯಾಮ್‌ಸಂಗ್‌ಗೆ ಸ್ಮಾರ್ಟ್‌ಥಿಂಗ್ಸ್, ಎಲ್‌ಜಿಗೆ ಥಿಂಕ್ಯೂ, ಆಂಡ್ರಾಯ್ಡ್ ಟಿವಿಗೆ ಗೂಗಲ್ ಟಿವಿ ಆ್ಯಪ್. ಫೋನೂ ಟಿವಿಯೂ ಒಂದೇ ವೈಫೈನಲ್ಲಿರಬೇಕು. ಮೊದಲ ಸಲ ಟಿವಿಯ ಪರದೆಯಲ್ಲಿ ಬರುವ ಕೋಡನ್ನು ಫೋನಿನಲ್ಲಿ ಹಾಕಬೇಕಾಗಬಹುದು.

ತೊಡಕಾಗುವುದು ಮನೆಯ ವೈಫೈ ಸತ್ತಿದ್ದಾಗ. ಟಿವಿಯನ್ನು ಬೇರೆ ವೈಫೈಗೆ ಸೇರಿಸಲು ರಿಮೋಟ್ ಬೇಕು, ರಿಮೋಟ್ ಇಲ್ಲದ್ದಕ್ಕೇ ವೈಫೈ ಬೇಕಾಗಿದ್ದು. ಇದಕ್ಕೊಂದು ಉಪಾಯವಿದೆ. ಒಂದು ಫೋನಿನ ಹಾಟ್‌ಸ್ಪಾಟ್‌ಗೆ ನಿಮ್ಮ ಮನೆಯ ರೂಟರಿನ ಹೆಸರು ಮತ್ತು ಪಾಸ್‌ವರ್ಡನ್ನೇ ಅಕ್ಷರ ತಪ್ಪದೆ ಕೊಡಿ, ಬ್ಯಾಂಡ್ 2.4 ಗಿಗಾಹರ್ಟ್ಸ್ ಇಡಿ. ರೂಟರ್ ಆಫ್ ಇರಲಿ. ಟಿವಿ ಅದನ್ನೇ ಹಳೆಯ ವೈಫೈ ಎಂದುಕೊಂಡು ಸೇರಿಕೊಳ್ಳುತ್ತದೆ. ಎರಡನೇ ಫೋನನ್ನೂ ಅದೇ ಹಾಟ್‌ಸ್ಪಾಟ್‌ಗೆ ಸೇರಿಸಿ ಆ್ಯಪ್ ತೆರೆಯಿರಿ.

ಆಂಡ್ರಾಯ್ಡ್ ಟಿವಿ ಹಾಗೂ ಎಲ್‌ಜಿಯ ಸ್ಮಾರ್ಟ್ ಟಿವಿಗಳಿಗೆ ಕಂಪ್ಯೂಟರಿನ ಯುಎಸ್‌ಬಿ ಮೌಸ್ ಚುಚ್ಚಿದರೂ ಪರದೆಯಲ್ಲಿ ಬಾಣ ಬರುತ್ತದೆ. ಟಿವಿಯ ಪ್ಲಗ್ ತೆಗೆದು ಒಂದು ನಿಮಿಷ ಬಿಟ್ಟು ಹಾಕಿದರೆ ಸಾಮಾನ್ಯವಾಗಿ ಹೋಮ್ ಪುಟದಲ್ಲೇ ಏಳುತ್ತದೆ. ಅಲ್ಲಿ ಇನ್‌ಪುಟ್ ಚಿಹ್ನೆಯ ಮೇಲೆ ಕ್ಲಿಕ್ ಮಾಡಿದರಾಯಿತು.

ರಿಮೋಟ್ ನಿಜವಾಗಿ ಕೆಟ್ಟಿದೆಯೆ?

ಹೊಸ ರಿಮೋಟ್ ತರುವ ಮೊದಲು ಫೋನಿನ ಕ್ಯಾಮೆರಾ ತೆರೆದು, ರಿಮೋಟಿನ ಮೂತಿಯನ್ನು ಅದಕ್ಕೆ ಹಿಡಿದು ಬಟನ್ ಒತ್ತಿ. ಬಲ್ಬು ನೇರಳೆ ಬಿಳಿಯಾಗಿ ಮಿನುಗಿದರೆ ರಿಮೋಟ್ ಬದುಕಿದೆ. ಹಿಂದಿನ ಕ್ಯಾಮೆರಾದಲ್ಲಿ ಕಾಣದಿದ್ದರೆ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ, ಎಷ್ಟೋ ಫೋನುಗಳ ಹಿಂಬದಿ ಕ್ಯಾಮೆರಾ ಇನ್‌ಫ್ರಾರೆಡ್ ಬೆಳಕನ್ನು ತಡೆದುಬಿಡುತ್ತದೆ. ಮೈಕ್ ಇರುವ ಬ್ಲೂಟೂತ್ ರಿಮೋಟ್‌ಗಳಲ್ಲಿ ಪವರ್ ಬಟನ್ ಒಂದಕ್ಕೇ ಬಲ್ಬು ಮಿನುಗಿ ಉಳಿದವಕ್ಕೆ ಮಿನುಗದಿರಬಹುದು. ಅದು ಕೆಟ್ಟದ್ದಲ್ಲ. ಪವರ್ ಮಾತ್ರ ನಡೆದು ಬೇರೆ ಯಾವುದೂ ನಡೆಯದಿದ್ದರೆ ಟಿವಿಯೊಂದಿಗಿನ ಜೋಡಣೆ ತಪ್ಪಿದೆ ಎಂದರ್ಥ. ಸ್ಯಾಮ್‌ಸಂಗ್‌ನಲ್ಲಿ ಟಿವಿಯ ಕಡೆ ತಿರುಗಿಸಿ ರಿಟರ್ನ್ ಮತ್ತು ಪ್ಲೇ/ಪಾಸ್ ಎರಡನ್ನೂ ಒಟ್ಟಿಗೆ ಮೂರು ಸೆಕೆಂಡ್ ಹಿಡಿಯಿರಿ. ಎಲ್‌ಜಿ ಮ್ಯಾಜಿಕ್ ರಿಮೋಟ್ ಆದರೆ ನಡುವಿನ ಚಕ್ರವನ್ನು ಒತ್ತಿ. ಫೈರ್ ಟಿವಿಗೆ ಹೋಮ್ ಬಟನ್ ಹತ್ತು ಸೆಕೆಂಡ್.

ಕರಾವಳಿಯಲ್ಲಿ ರಿಮೋಟ್ ಹಾಳಾಗುವುದು ಹೆಚ್ಚಾಗಿ ಉಪ್ಪುಗಾಳಿ ಮತ್ತು ತೇವದಿಂದ. ಸೆಲ್ ಕೂರುವ ಸ್ಪ್ರಿಂಗಿಗೆ ಹಸಿರು ಕಿಲುಬು, ಸೆಲ್ ಸೋರಿದರೆ ಬಿಳಿ ಪುಡಿ. ಎರಡನ್ನೂ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಬಟ್ಟೆಯಿಂದ ತಿಕ್ಕಿ, ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಒಣಗಿಸಿ ಹೊಸ ಸೆಲ್ ಎರಡನ್ನೂ ಒಟ್ಟಿಗೆ ಹಾಕಿ. ಹಳತು ಹೊಸತು ಬೆರೆಸಿದರೆ ಹಳೆಯದು ಬೇಗ ಸೋರುತ್ತದೆ. ರಿಮೋಟನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕುವ ಅಭ್ಯಾಸ ಬೇಸಿಗೆಯ ಧೂಳಿಗೆ ಸರಿ, ಜೂನಿನಿಂದ ಸೆಪ್ಟೆಂಬರ್‌ವರೆಗೆ ಅದೇ ಪ್ಲಾಸ್ಟಿಕ್ ಒಳಗಿನ ತೇವವನ್ನು ಹೊರಗೆ ಬಿಡುವುದಿಲ್ಲ. ಮಳೆಗಾಲಕ್ಕೆ ಅದನ್ನು ಬಿಚ್ಚಿಡುವುದೇ ಲೇಸು.

ಪೇಟೆಯಲ್ಲಿ ಡೂಪ್ಲಿಕೇಟ್ ರಿಮೋಟ್ ತರಲು ಹೋಗುವಾಗ ಹಳೆಯ ರಿಮೋಟನ್ನೂ, ಟಿವಿಯ ಹಿಂದಿನ ಮಾಡೆಲ್ ನಂಬರಿನ ಫೋಟೋವನ್ನೂ ಒಯ್ಯಿರಿ. ಅಗ್ಗದ್ದರಲ್ಲಿ ಮೈಕ್ ಬಟನ್ ಇದ್ದರೂ ಅದು ಬರೀ ಅಲಂಕಾರಕ್ಕಿರಬಹುದು, ಕೇಳಿ ತೆಗೆದುಕೊಳ್ಳಿ.

ಸೋರ್ಸ್ ತಾನಾಗಿ ಬದಲಾಗುವಂತೆ, ಆಗದಂತೆ

ಎಚ್‌ಡಿಎಂಐ ವಯರಿನಲ್ಲಿ ಸಿಇಸಿ ಎಂಬ ಸೌಲಭ್ಯವಿದೆ. ಫೈರ್ ಸ್ಟಿಕ್‌ನಂಥ ಸಾಧನವನ್ನು ಆನ್ ಮಾಡಿದರೆ ಟಿವಿಯೂ ಎದ್ದು ಆ ಪೋರ್ಟಿಗೆ ತಾನೇ ಹೋಗುತ್ತದೆ. ಕಂಪನಿಗಳು ಇದಕ್ಕೆ ತಮ್ಮ ತಮ್ಮ ಹೆಸರಿಟ್ಟಿವೆ: ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್, ಫಿಲಿಪ್ಸ್‌ನಲ್ಲಿ ಈಸಿಲಿಂಕ್. ಸೆಟ್ಟಿಂಗ್ಸ್‌ನಲ್ಲಿ ಈ ಹೆಸರು ಹುಡುಕಿ ಆನ್ ಮಾಡಿ. ಧಾರಾವಾಹಿ ನೋಡುತ್ತಿರುವಾಗಲೇ ಟಿವಿ ಮಧ್ಯೆ ಸ್ಟಿಕ್ಕಿಗೆ ಜಿಗಿಯುತ್ತಿದ್ದರೆ ಕಾರಣವೂ ಇದೇ. ಆಗ ಆಫ್ ಮಾಡಿ. ಹಳೆಯ ಡಿಟಿಎಚ್ ಬಾಕ್ಸ್‌ಗಳಲ್ಲಿ ಈ ಸೌಲಭ್ಯವನ್ನು ನಿರೀಕ್ಷಿಸಬೇಡಿ.

ಹಿರಿಯರಿಬ್ಬರೇ ಇರುವ ಮನೆಗೆ ಇದಕ್ಕಿಂತ ಉಪಯೋಗದ ಸೆಟ್ಟಿಂಗ್ ಇನ್ನೊಂದಿದೆ: ಟಿವಿ ಆನ್ ಆದಾಗ ಹೋಮ್ ಪುಟಕ್ಕೆ ಹೋಗದೆ ಕೊನೆಗೆ ನೋಡಿದ ಸೋರ್ಸ್‌ನಲ್ಲೇ ತೆರೆದುಕೊಳ್ಳುವಂತೆ ಮಾಡುವುದು. ಸ್ಯಾಮ್‌ಸಂಗ್‌ನಲ್ಲಿ ‘ಆಟೊರನ್ ಸ್ಮಾರ್ಟ್ ಹಬ್’ ಆಫ್ ಮಾಡಿ, ಎಲ್‌ಜಿಯಲ್ಲಿ ‘ಹೋಮ್ ಆಟೊ ಲಾಂಚ್’ ಆಫ್ ಮಾಡಿ. ಆಂಡ್ರಾಯ್ಡ್ ಟಿವಿಗಳಲ್ಲಿ ಪವರ್ ಅಥವಾ ಇನ್‌ಪುಟ್ ಸೆಟ್ಟಿಂಗ್ಸ್ ಒಳಗೆ ಇಂಥದೊಂದು ಆಯ್ಕೆ ಸಿಗಬಹುದು. ಹಬ್ಬಕ್ಕೆ ಊರಿಗೆ ಬಂದಾಗ ಇದನ್ನು ಮಾಡಿಟ್ಟು ಹೋದರೆ ಆಮೇಲೆ ಬರುವ ಫೋನುಗಳೇ ಕಡಿಮೆಯಾಗುತ್ತವೆ.

ಸೋರ್ಸ್ ಸರಿಯಿದೆ, ಚಿತ್ರವಿಲ್ಲ

ಎಚ್‌ಡಿಎಂಐ ಪಿನ್ನಿಗೆ ಕೊಕ್ಕೆಯೂ ಇಲ್ಲ, ಸ್ಕ್ರೂ ಕೂಡ ಇಲ್ಲ. ಬರೀ ಬಿಗಿಯಲ್ಲಿ ನಿಂತಿರುತ್ತದೆ. ಗೋಡೆಯ ಟಿವಿಯ ಹಿಂದೆ ವಯರು ಬಾಗಿ ಜಗ್ಗಿದರೆ ಅರ್ಧ ಮಿಲಿಮೀಟರ್ ಹೊರಬಂದರೂ ಸಾಕು, ಚಿತ್ರ ಹೋಗುತ್ತದೆ. ತೆಗೆದು ಪೂರ್ತಿ ಒಳಗೆ ಕೂರಿಸಿ. ಜಾಗ ಕಡಿಮೆಯಿದ್ದರೆ 90 ಡಿಗ್ರಿ ಬಾಗಿದ ಅಡಾಪ್ಟರ್ ಹಾಕಿ.

ಆಗಲೂ ಬಾರದಿದ್ದರೆ ಟಿವಿ, ಬಾಕ್ಸ್ ಎರಡರ ಪ್ಲಗ್ ಕಿತ್ತು ಒಂದು ನಿಮಿಷ ಬಿಡಿ. ಮೊದಲು ಟಿವಿ ಹಾಕಿ ಸರಿಯಾದ ಸೋರ್ಸ್‌ಗೆ ತನ್ನಿ, ಆಮೇಲೆ ಬಾಕ್ಸ್ ಹಾಕಿ. ಗುರುತು ಹಿಡಿಯುವ ಹಂತದಲ್ಲಿ ಸಿಕ್ಕಿಕೊಂಡದ್ದು ಇದರಿಂದ ಬಿಡುತ್ತದೆ. 4ಕೆ ಟಿವಿಗೆ ಹಳೆಯ ಬಾಕ್ಸ್ ಹಾಕಿ ಪರದೆ ಕಪ್ಪಾಗಿದ್ದರೆ ಆ ಪೋರ್ಟಿನ ‘ಸಿಗ್ನಲ್ ಫಾರ್ಮ್ಯಾಟ್’ ಸೆಟ್ಟಿಂಗನ್ನು ‘ಸ್ಟ್ಯಾಂಡರ್ಡ್’ಗೆ ಇಳಿಸಿ. ಸ್ಯಾಮ್‌ಸಂಗ್‌ನಲ್ಲಿ ಅದು ‘ಇನ್‌ಪುಟ್ ಸಿಗ್ನಲ್ ಪ್ಲಸ್’, ಎಲ್‌ಜಿಯಲ್ಲಿ ‘ಡೀಪ್ ಕಲರ್’, ಅವನ್ನು ಆಫ್ ಮಾಡಿ. ಲ್ಯಾಪ್‌ಟಾಪ್ ಜೋಡಿಸಿದಾಗ ಚಿತ್ರ ಬಾರದಿದ್ದರೆ ಕೀಬೋರ್ಡಿನಲ್ಲಿ ವಿಂಡೋಸ್ ಮತ್ತು ಪಿ ಒಟ್ಟಿಗೆ ಒತ್ತಿ ‘ಡೂಪ್ಲಿಕೇಟ್’ ಆರಿಸಿ. ಧ್ವನಿ ಲ್ಯಾಪ್‌ಟಾಪಿನಲ್ಲೇ ಉಳಿದರೆ ಸ್ಪೀಕರ್ ಚಿಹ್ನೆ ಒತ್ತಿ ಔಟ್‌ಪುಟ್ ಟಿವಿಗೆ ಬದಲಿಸಬೇಕು.

ಪೋರ್ಟೇ ಸತ್ತಿದೆಯೋ ಎಂದು ತಿಳಿಯಲು ಒಂದೊಂದೇ ಬದಲಿಸಿ ನೋಡಿ. ಅದೇ ಬಾಕ್ಸ್, ಅದೇ ವಯರು, ಬೇರೆ ಪೋರ್ಟ್: ಚಿತ್ರ ಬಂತೆಂದರೆ ಮೊದಲಿನ ಪೋರ್ಟ್ ಹೋಗಿದೆ. ಬರಲಿಲ್ಲವಾದರೆ ವಯರು ಬದಲಿಸಿ, ಅದಾದ ಮೇಲೆ ಬಾಕ್ಸ್. ಒಟ್ಟಿಗೇ ಎರಡು ಬದಲಿಸಿದರೆ ಯಾವುದು ಕೆಟ್ಟಿತ್ತೆಂದು ಗೊತ್ತಾಗದು. ಒಂದು ಪೋರ್ಟ್ ಹೋದ ಟಿವಿಯನ್ನು ಇನ್ನೊಂದು ಪೋರ್ಟಿನಲ್ಲಿ ಧಾರಾಳವಾಗಿ ಬಳಸಬಹುದು, ಬೋರ್ಡ್ ಬದಲಿಸುವ ಖರ್ಚಿಗೆ ಇಳಿಯಬೇಕಿಲ್ಲ.

ಪೋರ್ಟ್ ಸಾಯಲು ನಮ್ಮ ಕಡೆ ದೊಡ್ಡ ಕಾರಣ ಸಿಡಿಲು. ಏಪ್ರಿಲ್, ಮೇ ಮತ್ತು ಅಕ್ಟೋಬರಿನ ಗುಡುಗಿಗೆ ಟಿವಿಯ ಪ್ಲಗ್ ತೆಗೆದರಷ್ಟೇ ಸಾಲದು. ಡಿಶ್ಶಿನಿಂದ ಬರುವ ವಯರಿನ ಮೂಲಕ ಬಾಕ್ಸ್‌ಗೆ, ಅಲ್ಲಿಂದ ಎಚ್‌ಡಿಎಂಐ ಮೂಲಕ ಟಿವಿಗೆ ಏಟು ತಲುಪುತ್ತದೆ. ದೂರದಲ್ಲಿ ಗುಡುಗು ಕೇಳಿದಾಗಲೇ ಬಾಕ್ಸ್ ಹಿಂದಿನ ಡಿಶ್ ವಯರನ್ನೂ ತಿರುಗಿಸಿ ಬಿಚ್ಚಿಡಿ, ಗುಡುಗು ತಲೆಯ ಮೇಲೆ ಬಂದ ಮೇಲೆ ಅದನ್ನು ಮುಟ್ಟಬೇಡಿ. ಇನ್ನು ಪ್ಲಗ್ ಹಾಕಿಟ್ಟುಕೊಂಡೇ ಎಚ್‌ಡಿಎಂಐ ಚುಚ್ಚುವಾಗ ಕೈಗೆ ಜುಂ ಎನ್ನುವುದುಂಟು. ಎರಡು ಪಿನ್ನಿನ ಅಡಾಪ್ಟರಿಗೆ ಅರ್ತ್ ಇಲ್ಲದ್ದರಿಂದ ಸಣ್ಣ ಸೋರಿಕೆ ವಯರಿನ ಹೊರಕವಚಕ್ಕೆ ಬರುತ್ತದೆ. ಮಳೆಗಾಲದ ತಂಪು ನೆಲದ ಮೇಲೆ ಬರಿಗಾಲಲ್ಲಿ ನಿಂತರೆ ಅದು ಚೆನ್ನಾಗಿಯೇ ಗೊತ್ತಾಗುತ್ತದೆ, ಪೋರ್ಟಿಗೂ ಒಳ್ಳೆಯದಲ್ಲ. ವಯರು ಬದಲಿಸುವಾಗಲೆಲ್ಲ ಎರಡೂ ಪ್ಲಗ್ ಹೊರಗಿರಲಿ.

ಪೆನ್‌ಡ್ರೈವ್ ಮತ್ತು ಇಡೀ ರಾತ್ರಿಯ ಆಟ

ಯಕ್ಷಗಾನದ ವಿಡಿಯೋ ತುಂಬಿದ ಪೆನ್‌ಡ್ರೈವ್ ಹಾಕಿದರೆ ಅದೂ ಎಷ್ಟೋ ಟಿವಿಗಳಲ್ಲಿ ಸೋರ್ಸ್ ಪಟ್ಟಿಯಲ್ಲೇ ‘ಯುಎಸ್‌ಬಿ’ ಅಥವಾ ‘ಮೀಡಿಯಾ’ ಎಂದು ಬರುತ್ತದೆ. ಬೆಳತನಕದ ಪ್ರಸಂಗದ ಒಂದೇ ಫೈಲ್ 4 ಜಿಬಿ ಮೀರಿದರೆ ಎಫ್‌ಎಟಿ32 ಎಂಬ ಕ್ರಮದಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿಗೆ ಅದು ಕಾಪಿಯೇ ಆಗುವುದಿಲ್ಲ. ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಮಾಡಬಹುದು, ಆದರೆ ಹಳೆಯ ಟಿವಿಗಳು ಅವನ್ನು ಓದದಿದ್ದರೆ ಫೈಲನ್ನು ಎರಡು ತುಂಡು ಮಾಡುವುದೇ ದಾರಿ. ಧ್ವನಿ ಬಂದು ಚಿತ್ರ ಬಾರದಿದ್ದರೆ ಫೈಲಿನ ನಮೂನೆ ಟಿವಿಗೆ ಹಿಡಿಸಿಲ್ಲ. ಎಚ್.264 (ವಿಡಿಯೋ ಕುಗ್ಗಿಸುವ ಒಂದು ಕ್ರಮ) ಇರುವ ಎಂಪಿ4 ಮಾಡಿಕೊಂಡರೆ ಹೆಚ್ಚಿನವು ಓದುತ್ತವೆ. ಹಾರ್ಡ್‌ಡಿಸ್ಕ್ ಕಟ್ ಕಟ್ ಎಂದು ನಿಂತುಹೋದರೆ ಟಿವಿಯ ಯುಎಸ್‌ಬಿ ಕೊಡುವ ಕರೆಂಟ್ ಅದಕ್ಕೆ ಸಾಲುತ್ತಿಲ್ಲ.

ಲಾಡ್ಜು, ಹೋಮ್‌ಸ್ಟೇಗಳಲ್ಲಿ

ಗೋಕರ್ಣ, ಮುರ್ಡೇಶ್ವರದ ಕೋಣೆಗಳಲ್ಲಿ ಟಿವಿಯ ಸೋರ್ಸ್ ಬಟನ್ ಒತ್ತಿದರೂ ಏನೂ ಆಗದಿದ್ದರೆ ಅದನ್ನು ಹೋಟೆಲ್ ಮೋಡ್‌ನಲ್ಲಿ ಇಟ್ಟಿರುತ್ತಾರೆ. ಸೋರ್ಸ್, ವಾಲ್ಯೂಮಿನ ಮಿತಿ, ಮೆನು ಎಲ್ಲಕ್ಕೂ ಬೀಗ. ಅದನ್ನು ಬಿಡಿಸುವ ಬಟನ್ ಕ್ರಮ ಕಂಪನಿಗೊಂದು ತರ, ಅಂದಾಜಿನಲ್ಲಿ ಒತ್ತುತ್ತ ಹೋದರೆ ಟಿವಿಯ ಸರ್ವಿಸ್ ಮೆನು ತೆರೆದು ಬೇರೇನೋ ಬದಲಾದೀತು. ಲ್ಯಾಪ್‌ಟಾಪ್ ಜೋಡಿಸಬೇಕಿದ್ದರೆ ಕೌಂಟರಿನಲ್ಲಿ ಹೇಳಿ ತೆಗೆಸಿಕೊಳ್ಳಿ, ಇಲ್ಲವೇ ಬಾಕ್ಸ್‌ನ ಎಚ್‌ಡಿಎಂಐ ವಯರನ್ನೇ ಅವರ ಒಪ್ಪಿಗೆ ಪಡೆದು ಲ್ಯಾಪ್‌ಟಾಪಿಗೆ ಚುಚ್ಚಿ. ಟಿವಿ ಆ ಪೋರ್ಟಿನಲ್ಲೇ ಬೀಗ ಬಿದ್ದು ನಿಂತಿರುವುದರಿಂದ ಚಿತ್ರ ನೇರ ಬರುತ್ತದೆ.